ಪೊಗೆ ಹೊಗೆಯಾದ ದಾರಿ

ಲ್ಯಾಟಿನ್ನಿನಲ್ಲಿ ಹೊಗೆಗೆ 'ಫೂಮುಸ್' ಎನ್ನುತ್ತಿದ್ದರು. ಇಂದಿನ ಸ್ಪ್ಯಾನಿಷ್‌ನಲ್ಲಿ ಅದೇ ಪದ 'ಉಮೊ'. ಬರೆಯುವಾಗ ಅದರ ಮುಂದೆ ಹಕಾರದ ಅಕ್ಷರವೊಂದು ಉಳಿದಿದೆ, ಆದರೆ ಅದನ್ನು ಯಾರೂ ಉಚ್ಚರಿಸುವುದಿಲ್ಲ. ಮೊದಲು ಫ ಹೋಗಿ ಹ ಬಂತು, ಆಮೇಲೆ ಹ ಕೂಡ ಬಾಯಿಂದ ಜಾರಿತು. ಹಳಗನ್ನಡದಲ್ಲಿ 'ಪೊಗೆ', ಇಂದಿನ ಪುಸ್ತಕದ ಕನ್ನಡದಲ್ಲಿ 'ಹೊಗೆ', ನಮ್ಮ ಮುದನಾಳದ ಬಾಯಲ್ಲಿ 'ಹೊಗಿ'. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ, ಒಂದಕ್ಕೊಂದು ಗೊತ್ತೇ ಇಲ್ಲದೆ, ತುಟಿಯಲ್ಲಿ ಹುಟ್ಟುವ ಸದ್ದೊಂದು ಬರಿಯ ಉಸಿರಾಗಿ ಕರಗಿತು.

ಇದು ಒಂದೇ ಪದದ ಕಥೆಯಲ್ಲ. ಲ್ಯಾಟಿನ್ನಿನ 'ಫಾರೀನಾ' (ಹಿಟ್ಟು) ಸ್ಪ್ಯಾನಿಷ್‌ನಲ್ಲಿ 'ಅರೀನಾ' ಆಯಿತು, 'ಫೋಲಿಯಾ' (ಎಲೆ) 'ಓಹಾ' ಆಯಿತು, 'ಫೀಲಿಯುಸ್' (ಮಗ) 'ಈಹೊ' ಆದ. ಇತ್ತ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಹತ್ತನೆಯ ಶತಮಾನದಿಂದೀಚೆಗೆ ನಮ್ಮ ಶಾಸನಗಳಲ್ಲಿ ಈ ಹಕಾರ ಅಲ್ಲೊಂದು ಇಲ್ಲೊಂದು ಇಣುಕತೊಡಗುತ್ತದೆ. ಬರೆಸಿದವರು ಪಂಡಿತರಾಗಿದ್ದರೂ ಜನರ ಬಾಯಿ ಕಲ್ಲಿನ ಮೇಲೂ ತನ್ನ ಗುರುತು ಬಿಟ್ಟಿದೆ.

ಹೀಗೆ ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಕಟ್ಟುವ ಅವಸರ ನಮ್ಮಲ್ಲಿ ಹಲವರಿಗಿದೆ. ನೆಂಟಸ್ತನವನ್ನು ತಿಳಿಯಲು ಈ ಹೊಗೆಯ ಪದವೇ ಸಾಕು. ಫೂಮುಸ್ ಮತ್ತು ಉಮೊ ತಾಯಿ ಮಗಳು. ಪೊಗೆ ಮತ್ತು ಹೊಗೆಯ ಸಂಬಂಧವೂ ಅಂಥದ್ದೇ. ಫೂಮುಸ್ ಮತ್ತು ಸಂಸ್ಕೃತದ 'ಧೂಮ' ಒಂದೇ ಮೂಲದಿಂದ ಬಂದ ಅಕ್ಕತಂಗಿಯರು. ನಮ್ಮೂರಿನ ಕಡೆ ಉರ್ದು ಆಡುವವರ ಬಾಯಲ್ಲಿ ಕೇಳುವ 'ಧುವಾಂ' ಆ ಧೂಮದ ಸಂತತಿ. ಗುರುಮಠಕಲ್ ದಾಟಿ ನಾರಾಯಣಪೇಟೆಯ ಕಡೆಗೆ ಹೋದರೆ ಕೇಳುವ ತೆಲುಗಿನ 'ಪೊಗ', ತಮಿಳಿನ 'ಪುಗೈ' ನಮ್ಮ ಹೊಗೆಯ ಅಕ್ಕತಂಗಿಯರು. ಧೂಮಕ್ಕೂ ಹೊಗೆಗೂ ಹುಟ್ಟಿನ ಸಂಬಂಧವಿಲ್ಲ, ಒಂದೇ ಓಣಿಯಲ್ಲಿ ಬಾಳಿದ ನೆರೆಹೊರೆಯ ಸಂಬಂಧವಷ್ಟೇ. ಸಂಸ್ಕೃತವೇ ಕನ್ನಡದ ತಾಯಿ ಎಂದು ಇಂದಿಗೂ ವೇದಿಕೆಗಳಲ್ಲಿ ಹೇಳುವವರಿದ್ದಾರೆ. ಲ್ಯಾಟಿನ್ನಿಗೂ ಸ್ಪ್ಯಾನಿಷ್‌ಗೂ ಇರುವ ಸಂಬಂಧವನ್ನು ನಮ್ಮ ಜಿಲ್ಲೆಯಲ್ಲಿ ಹುಡುಕುವವರು ಸಂಸ್ಕೃತದ ಕುಲದವರನ್ನು ನೋಡಬೇಕಾದದ್ದು ಉರ್ದುವಿನಲ್ಲಿ, ತಾಂಡಾಗಳ ಲಂಬಾಣಿಯಲ್ಲಿ. ಭೀಮಾ ತೀರದ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳ ಪ್ರಾಕೃತ ಆ ಕುಲದ ನಡುವಿನ ಮೆಟ್ಟಿಲು. ಕನ್ನಡದ ತಾಯಿಯನ್ನು ಹುಡುಕುವವರು ಕನ್ನಡದೊಳಗೇ ಹಿಂದಕ್ಕೆ ನಡೆಯಬೇಕು.

ಸ್ಪ್ಯಾನಿಷ್ ಭಾಷೆ ಪದಗಳ ಸಾಲ ಬೇಕಾದಾಗ ತನ್ನ ತಾಯಿಯ ಮನೆಗೇ ಹೋಗುತ್ತದೆ. ಹೊಗೆಗೆ ಉಮೊ, ಆದರೆ ಸಿಗರೇಟು ಸೇದುವುದಕ್ಕೆ 'ಫುಮಾರ್'. ಅಲ್ಲಿ ಹಳೆಯ ಫ ಹಾಗೇ ಇದೆ. ನಾವು ಒಲೆಯ ಮುಂದೆ ಹೊಗೆ ಎನ್ನುತ್ತೇವೆ, ಬಸ್ಸಿನೊಳಗೆ 'ಧೂಮಪಾನ ನಿಷೇಧ' ಎಂದು ಬರೆಯುತ್ತೇವೆ. ನಮ್ಮ ಸಾಲ ನೆರೆಮನೆಯದು.

ಈಗ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಗೆ ಬರುತ್ತೇನೆ. ಫೂಮುಸ್ ಉಮೊ ಆದದ್ದರಿಂದ ಭಾಷೆಯ ಹೆಸರೂ ಬದಲಾಯಿತು. ಪೊಗೆ ಹೊಗೆಯಾದರೂ ಭಾಷೆಯ ಹೆಸರು ಕನ್ನಡವೇ. ಹೀಗೇಕೆ?

ಒಂದು ಉತ್ತರ ವ್ಯಾಕರಣದಲ್ಲಿದೆ. ಲ್ಯಾಟಿನ್ನಿನಲ್ಲಿ 'ಮನೆಯ' ಎನ್ನಲು ನಾಮಪದದ ಕೊನೆಯನ್ನೇ ಬದಲಿಸಬೇಕಿತ್ತು. ಸ್ಪ್ಯಾನಿಷ್ ನಾಮಪದಗಳ ವಿಭಕ್ತಿಯನ್ನು ಪೂರ್ತಿ ಕಳಚಿಹಾಕಿತು, ಬದಲಿಗೆ ಪದದ ಮುಂದೆ 'ದೆ' ಎಂದು ಇಟ್ಟುಕೊಂಡಿತು. ಲ್ಯಾಟಿನ್ನಿನ ಮೂರು ಲಿಂಗಗಳು ಎರಡಾದವು. ಕನ್ನಡದ ಮೂಳೆ ಅಷ್ಟು ಮುರಿಯಲಿಲ್ಲ. ಮರಮಂ ಮರವನ್ನು ಆಯಿತು, ಪ್ರತ್ಯಯ ಬದಲಾದರೂ ಅದು ಪದದ ಕೊನೆಯಲ್ಲೇ ಉಳಿಯಿತು.

ಇನ್ನೊಂದು ಉತ್ತರ ಇತಿಹಾಸದಲ್ಲಿದೆ. ಕ್ರಿ.ಶ. 813ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಬಿಷಪ್ಪರು, ಉಪದೇಶವನ್ನು ಹಳ್ಳಿಗರ ರೋಮನ್ ಮಾತಿಗೆ ತಿರುಗಿಸಿ ಹೇಳಬೇಕೆಂದು ತೀರ್ಮಾನಿಸಿದರು. ಅಂದರೆ ಚರ್ಚಿನ ಲ್ಯಾಟಿನ್ ಜನರಿಗೆ ತಿಳಿಯುತ್ತಿಲ್ಲವೆಂದು ಒಪ್ಪಿಕೊಂಡರು. ಸ್ಪೇನಿನಲ್ಲಿ 1252ರಿಂದ 1284ರವರೆಗೆ ಆಳಿದ ಹತ್ತನೆಯ ಅಲ್ಫೊನ್ಸೊ ಕಾನೂನು, ಚರಿತ್ರೆ, ಖಗೋಳದ ಗ್ರಂಥಗಳನ್ನು ಜನರ ಕಾಸ್ಟೀಲಿಯನ್ ಮಾತಿನಲ್ಲಿ ಬರೆಸಿದ. 1492ರಲ್ಲಿ ನೆಬ್ರಿಹಾ ಆ ಮಾತಿಗೆ ವ್ಯಾಕರಣ ಬರೆದ. ಆಡುಮಾತಿಗೆ ಕಚೇರಿ ಸಿಕ್ಕಿತು, ವ್ಯಾಕರಣ ಸಿಕ್ಕಿತು, ಬೇರೆ ಹೆಸರು ನಿಂತಿತು.

ಅಲ್ಫೊನ್ಸೊ ಆಳುತ್ತಿದ್ದ ದಿನಗಳಲ್ಲೇ, ಸುಮಾರು 1260ರ ಹೊತ್ತಿಗೆ, ನಮ್ಮಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಅಲ್ಲಿ ಹೊಸ ಮಾತಿಗೆ ಪಟ್ಟ ಕಟ್ಟುವ ಕೆಲಸ ನಡೆದಿದ್ದರೆ, ಇಲ್ಲಿ ಹಳೆಯ ಮಾತನ್ನು ಕಾಪಿಡುವ ಕೆಲಸ ನಡೆಯಿತು. ೞಕಾರ ಯಾವ ಪದಗಳಲ್ಲಿದೆ ಎಂದು ಅವನು ಪಟ್ಟಿಯನ್ನೇ ಕೊಟ್ಟ. ಜನರ ಬಾಯಲ್ಲಿ ಆ ಅಕ್ಷರ ಗಟ್ಟಿಯಾಗಿದ್ದರೆ ಪಟ್ಟಿ ಏಕೆ ಬೇಕಿತ್ತು? ಆದರೆ ಅದಕ್ಕೂ ಮುಂಚೆಯೇ ನಮ್ಮ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ವಚನ ನುಡಿದಿದ್ದ, ಹನ್ನೆರಡನೆಯ ಶತಮಾನದ ಶರಣರು ಆಡುಮಾತಿನ ಹತ್ತಿರಕ್ಕೆ ಬರಹವನ್ನು ತಂದಿದ್ದರು. ಅವರು ಹಳೆಯದನ್ನು ಬಿಟ್ಟು ಬೇರೆ ಮನೆ ಕಟ್ಟಲಿಲ್ಲ, ಅದೇ ಮನೆಗೆ ಬಾಗಿಲು ಇಟ್ಟರು. ಹೊಸತು ಹಳೆಯದರ ಪಕ್ಕದಲ್ಲೇ ಬೆಳೆದದ್ದರಿಂದ ಒಂದು ಹೆಸರು ಎರಡಕ್ಕೂ ಸಾಕಾಯಿತು.

ಈ ಬದಲಾವಣೆಯ ಅರಿವು ಇನ್ನೂ ಹಳೆಯದು. ಯಾದಗಿರಿಯಿಂದ ಬಹಳ ದೂರವಿಲ್ಲದ ಮಳಖೇಡದ ಆಸ್ಥಾನದಲ್ಲಿ, ಸುಮಾರು 850ರಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಆಗಲೇ 'ಪೞಗನ್ನಡ'ದ ಮಾತೆತ್ತುತ್ತದೆ. ನಮಗೆ ಹಳತಾಗಿ ಕಾಣುವವರಿಗೂ ಒಂದು ಹಳಗನ್ನಡವಿತ್ತು! ಆ ಪದವನ್ನೇ ನೋಡಿ. ಪೞಗನ್ನಡದ ಪಕಾರ ಹಕಾರವಾಗಿ, ೞಕಾರ ಳಕಾರವಾಗಿ 'ಹಳಗನ್ನಡ' ಎಂಬ ಹೆಸರು ಬಂದಿದೆ. ಅದೇ ಗ್ರಂಥ ಕನ್ನಡದ ದೇಸಿಗಳು ಎಷ್ಟು ಬಗೆಯವೆಂದರೆ ವಾಸುಕಿಗೂ ಬೇಸರವಾದೀತು ಎನ್ನುತ್ತದೆ.

ಹೆಸರು ಒಂದೇ ಉಳಿದದ್ದರ ಲಾಭ ದೊಡ್ಡದು. ಸೆನೆಕ ಹುಟ್ಟಿದ್ದು ಸ್ಪೇನಿನ ಕೊರ್ದೊಬಾದಲ್ಲಿ. ಆದರೂ ಅವನು ಲ್ಯಾಟಿನ್ ಲೇಖಕ, ಸ್ಪ್ಯಾನಿಷ್ ಸಾಹಿತ್ಯದ ಚರಿತ್ರೆ ಅವನಿಂದ ಶುರುವಾಗುವುದಿಲ್ಲ. ನಮಗೆ 941ರ ಪಂಪ ಆದಿಕವಿ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಾಗ ನಾವು ತೋರಿಸಿದ್ದು ಈ ಅಖಂಡ ವಂಶಾವಳಿಯನ್ನೇ.

ಆದರೆ ಆ ವಂಶಾವಳಿ ಯಾರ ಬಾಯಿಂದ ನಡೆದುಬಂತು ಎಂಬುದನ್ನು ನಾವು ಮರೆಯುತ್ತೇವೆ. ಲ್ಯಾಟಿನ್ನಿನಲ್ಲಿ 'ಪ್ರೋಬನ ಅನುಬಂಧ' ಎಂದು ಕರೆಯುವ ಒಂದು ಹಳೆಯ ಪಟ್ಟಿಯಿದೆ. ಯಾರೋ ಮೇಷ್ಟರು 227 ಪದಗಳನ್ನು ಹಿಡಿದು, ಹೀಗೆನ್ನಬೇಕು, ಹಾಗೆನ್ನಬಾರದು ಎಂದು ತಿದ್ದಿದ್ದಾರೆ. ಮುಖ ನೋಡುವ ಕನ್ನಡಿಗೆ 'ಸ್ಪೆಕ್ಲುಮ್' ಎನ್ನಬಾರದು, ಕಿವಿಗೆ 'ಓರಿಕ್ಲ' ಎನ್ನಬಾರದು ಎಂಬುದು ಅವರ ಕಟ್ಟಪ್ಪಣೆ. ಇಂದು ಸ್ಪ್ಯಾನಿಷ್‌ನಲ್ಲಿ ಕನ್ನಡಿ 'ಎಸ್ಪೆಹೊ', ಕಿವಿ 'ಒರೆಹಾ'. ಎರಡೂ ಹುಟ್ಟಿದ್ದು ಮೇಷ್ಟರು ತಪ್ಪೆಂದ ರೂಪಗಳಿಂದ. ಅವರು ಸರಿಯೆಂದ ರೂಪಗಳು ಪುಸ್ತಕದಲ್ಲಿ ಉಳಿದವು.

ನಾನು ಓದಿದ ಶಾಲೆಯಲ್ಲಿ 'ಊರೊಳಗ' ಎಂದು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು, 'ಊರಿನಲ್ಲಿ' ಎಂದು ತಿದ್ದಿಸುತ್ತಿದ್ದರು. ಬರಹಕ್ಕೆ ಎಲ್ಲರಿಗೂ ತಿಳಿಯುವ ಒಂದು ರೂಪ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜೊತೆಗೆ 'ಇದು ಕೆಟ್ಟ ಕನ್ನಡ' ಎಂಬ ಮಾತೂ ಬರುತ್ತಿತ್ತು. ಮುಂದೆ ಹಳಗನ್ನಡ ಓದತೊಡಗಿದಾಗ 'ಊರೊಳ್' ಎಂಬ ರೂಪ ಕಂಡಿತು. ಪಂಪನ ಕಾಲದ 'ಒಳ್' ನಮ್ಮ ಸೀಮೆಯ 'ಒಳಗ'ದಲ್ಲಿ ಉಸಿರಾಡುತ್ತಿದೆ. ತರಗತಿಯ ಮಕ್ಕಳಿಗೆ ಹಳಗನ್ನಡ ಬೇರೆ ದೇಶದ ಭಾಷೆಯಂತೆ ಕಾಣುವುದಕ್ಕೆ ಇದೂ ಒಂದು ಕಾರಣ: ಅವರ ಮನೆಮಾತಿಗೂ ಅದಕ್ಕೂ ಇರುವ ದಾರಿಯನ್ನು ಯಾರೂ ತೋರಿಸುವುದಿಲ್ಲ.

ಸ್ಪ್ಯಾನಿಷ್ ಆಡುವವರು ಲ್ಯಾಟಿನ್ ಕೆಡಿಸಿದವರೆಂದು ಇಂದು ಯಾರೂ ಹೇಳುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ, ಬೇರೆ ದೇಶವಿದೆ. ಒಂದೇ ಹೆಸರಿನಡಿ ಬಾಳುವ ನಾವು ಮಾತ್ರ ನಮ್ಮ ಅರ್ಧ ಜನರ ಮಾತನ್ನು ಕೆಟ್ಟದ್ದೆನ್ನುತ್ತೇವೆ. ಪೊಗೆಯನ್ನು ಹೊಗೆ ಮಾಡಿದವರೂ ತಮ್ಮ ಕಾಲದ ಪಂಡಿತರ ಕಿವಿಗೆ ಹೀಗೇ ಕೇಳಿಸಿರಬೇಕು. ಅವರ ತಪ್ಪನ್ನೇ ಇಂದು ನಾವು ಶುದ್ಧ ಕನ್ನಡವೆಂದು ಬರೆಯುತ್ತಿದ್ದೇವೆ.