ಬಾಯ್ಮಾತಿನಿಂದ ವಾಟ್ಸ್‌ಆ್ಯಪ್‌ಗೆ: ಚಿಕಿತ್ಸೆಯ ಆಯ್ಕೆ ಮತ್ತು ವದಂತಿಯ ಪರಂಪರೆ

ಕಾಯಿಲೆ ಬಂದಾಗ ಯಾರ ಮಾತನ್ನು ನಂಬಬೇಕೆಂಬ ಪ್ರಶ್ನೆ ಕಾಯಿಲೆಯಷ್ಟೇ ಹಳೆಯದು. ವೈದ್ಯರ ಬಳಿಗೆ ಹೋಗುವ ಮುನ್ನ ನೆಂಟರಿಷ್ಟರನ್ನೂ ನೆರೆಹೊರೆಯವರನ್ನೂ ಕೇಳುವುದು ನಮ್ಮ ಸಮಾಜದ ರೂಢಿ. ಸಾಮಾಜಿಕ ಜಾಲತಾಣಗಳು ಈ ರೂಢಿಯನ್ನು ಹುಟ್ಟುಹಾಕಲಿಲ್ಲ. ಅದರ ವೇಗವನ್ನೂ ಸ್ವರೂಪವನ್ನೂ ಬದಲಿಸಿದವು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ಮನೆಗಳ ತಪಾಸಣೆ ಹಾಗೂ ರೋಗಿಗಳನ್ನು ಪ್ರತ್ಯೇಕಿಸುವ ಕ್ರಮಗಳು ರೋಗದಷ್ಟೇ ಭೀತಿ ಹುಟ್ಟಿಸಿದವು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಇಂತಹ ಕ್ರಮಗಳ ವಿರುದ್ಧ ಗಲಭೆಯೇ ನಡೆಯಿತು. ಜನಪದರು ರೋಗವನ್ನು ಪ್ಲೇಗಮ್ಮನೆಂದು ಕರೆದು ಗುಡಿ ಕಟ್ಟಿದರು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಕಲುಷಿತಗೊಂಡಿದ್ದ ಪ್ಲೇಗ್ ಚುಚ್ಚುಮದ್ದಿನಿಂದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ವದಂತಿಗೆ ಕೆಲವೊಮ್ಮೆ ಇಂತಹ ನಿಜವಾದ ನೋವಿನ ಆಸರೆಯೂ ಇರುತ್ತದೆ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಬೆಂಗಳೂರಿನಲ್ಲಿ ಆರಂಭವಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳು ಇದರ ವ್ಯಾಪ್ತಿಗೆ ಸೇರಿದ್ದರು. ಲಸಿಕೆ ಅಪಾಯಕಾರಿ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದರಿಂದ ಕರ್ನಾಟಕ, ತಮಿಳುನಾಡುಗಳಲ್ಲಿ ಅನೇಕ ಪೋಷಕರು ಹಿಂಜರಿದರು. ದಡಾರ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು. ಗರ್ಭಿಣಿಗೆ ತಗುಲಿದ ರುಬೆಲ್ಲಾ ಶಿಶುವಿನ ಹೃದಯ, ಕಣ್ಣು, ಕಿವಿಗಳನ್ನು ಊನಗೊಳಿಸಬಲ್ಲದು. ಹಿಂಜರಿಕೆಯ ಬೆಲೆಯನ್ನು ತೆರಬೇಕಾದವರು ನಿರ್ಧಾರ ಕೈಗೊಂಡವರಲ್ಲ, ಮಕ್ಕಳು.

ಕೊರೊನಾ ಕಾಲದಲ್ಲಿ ಈ ಮಾಧ್ಯಮದ ಎರಡು ಮುಖಗಳೂ ಒಟ್ಟಿಗೆ ಕಾಣಿಸಿದವು. 2021ರ ಎರಡನೆಯ ಅಲೆಯಲ್ಲಿ ಆಸ್ಪತ್ರೆಯ ಹಾಸಿಗೆ, ಆಮ್ಲಜನಕ ಎಲ್ಲಿ ಲಭ್ಯವೆಂಬುದನ್ನು ಸ್ವಯಂಸೇವಕರು ಜಾಲತಾಣಗಳ ಮೂಲಕವೇ ತಿಳಿಸಿ ಎಷ್ಟೋ ಕುಟುಂಬಗಳಿಗೆ ನೆರವಾದರು. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕದ ಮಟ್ಟ ಏರುತ್ತದೆಂಬ ಆಧಾರರಹಿತ ಸಲಹೆ ಹರಡಿದ್ದೂ ಅದೇ ದಾರಿಯಲ್ಲಿ.

ಇಲ್ಲಿ ಜಾನಪದ ಅಧ್ಯಯನ ಗುರುತಿಸಬೇಕಾದ ವ್ಯತ್ಯಾಸವೊಂದಿದೆ. ಮನೆಮದ್ದು ಹೇಳುವ ಅಜ್ಜಿಗೆ ರೋಗಿಯ ವಯಸ್ಸು, ದೇಹಪ್ರಕೃತಿ ಗೊತ್ತು. ಪ್ರಮಾಣವನ್ನೂ ಪಥ್ಯವನ್ನೂ ಅವಳು ಹೇಳುತ್ತಾಳೆ. ಗುಣವಾಗದಿದ್ದರೆ ಮರುದಿನ ಅವಳನ್ನೇ ಕೇಳಬಹುದು. ಮುಂದೂಡಲಾದ ಸಂದೇಶದಲ್ಲಿ ಮದ್ದು ಮಾತ್ರ ಉಳಿದು, ಹೇಳುಗ ಮರೆಯಾಗುತ್ತಾನೆ. ಅದು ಬಂಧುವಿನ ಫೋನಿನಿಂದ ಬರುವುದರಿಂದ ಬಂಧುವಿನ ಮೇಲಿನ ವಿಶ್ವಾಸ ಸಂದೇಶಕ್ಕೂ ಅಂಟುತ್ತದೆ. ಹೊಣೆ ಮಾತ್ರ ಯಾರಿಗೂ ಅಂಟುವುದಿಲ್ಲ.

ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಸಂದೇಶ ಮುಂದೂಡುವಿಕೆಯನ್ನು ಒಮ್ಮೆಗೆ ಐದಕ್ಕೆ ಮಿತಿಗೊಳಿಸಿತು. ಹಲವು ಬಾರಿ ಮುಂದೂಡಲಾದವುಗಳನ್ನು 2020ರಲ್ಲಿ ಒಂದಕ್ಕೆ ಇಳಿಸಿತು. ಇದರಿಂದ ವೇಗ ತಗ್ಗೀತು, ವಿಶ್ವಾಸ ಬೆಳೆಯದು. ಊರಿನವರ ಹೆಸರು, ಕಷ್ಟಸುಖ ಬಲ್ಲ ಆಶಾ ಕಾರ್ಯಕರ್ತೆ, ದಾದಿ, ವೈದ್ಯರು ಆ ಅಜ್ಜಿಯಂತೆ ಪ್ರಶ್ನೆಗೆ ಸಿಗುವಂತಾದಾಗ ಮಾತ್ರ ಬಲ್ಲವರ ಮಾತಿಗೆ ಮನೆಯೊಳಗೆ ಜಾಗ ಸಿಗುತ್ತದೆ.