ಔಷಧಿ ಬಾಟಲಿಯ ತ್ರಿಕೋನಕ್ಕೂ ಒಂದು ಚರಿತ್ರೆ ಇದೆ

ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕೆಲವು ಊರುಗಳಲ್ಲಿ 'ಔಷಧಿ' ಅಂತಾರೆ, ಇನ್ನು ಕೆಲವು ಊರುಗಳಲ್ಲಿ 'ಎಣ್ಣೆ' ಅಂತಾರೆ. ಎರಡು ಹೆಸರಿನಲ್ಲೂ ವಿಷದ ಸುಳಿವಿಲ್ಲ. ಆ ಸುಳಿವು ಇರುವುದು ಬಾಟಲಿಯ ಮೇಲಿನ ಒಂದು ಗುರುತಿನಲ್ಲಿ. ಮೂಲೆಯ ಮೇಲೆ ನಿಲ್ಲಿಸಿದಂಥ ಚೌಕ, ಅದರ ಕೆಳಗಿನ ಅರ್ಧದಲ್ಲಿ ಬಣ್ಣದ ತ್ರಿಕೋನ. ಈ ಗುರುತು ಹೇಗೆ ಬಂತು ಅನ್ನುವುದು ತಿಳಿದರೆ, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದೂ ತಿಳಿಯುತ್ತದೆ.

1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಗೋಧಿ ಹಿಟ್ಟು ಬಂತು. ಅದೇ ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವೂ ಇತ್ತು. ಅದು ಸೋರಿ ಹಿಟ್ಟಿಗೆ ಸೇರಿತು. ಆ ಹಿಟ್ಟಿನ ತಿನಿಸು ತಿಂದ 100ಕ್ಕೂ ಹೆಚ್ಚು ಜನ ಸತ್ತರು. ತಿನ್ನುವ ಹಿಟ್ಟಿನ ಪಕ್ಕದಲ್ಲೇ ವಿಷ ಇಟ್ಟು ಸಾಗಿಸಬಾರದು ಅನ್ನುವ ಗಟ್ಟಿ ಕಾನೂನು ಆಗ ದೇಶದಲ್ಲಿ ಇರಲಿಲ್ಲ. ಸರ್ಕಾರ ತನಿಖಾ ಆಯೋಗ ನೇಮಿಸಿತು. ಹತ್ತು ವರ್ಷದ ನಂತರ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರಲ್ಲಿ ಅದರ ನಿಯಮಗಳು ಬಂದವು. ಬಣ್ಣದ ತ್ರಿಕೋನ ಬಂದದ್ದು ಆ ನಿಯಮಗಳಿಂದ.

ಬಣ್ಣಗಳು ನಾಲ್ಕು. ಕೆಂಪು ಅಂದರೆ ಅತಿ ಘೋರ ವಿಷ. ಇದರ ಮೇಲೆ ತಲೆಬುರುಡೆ ಚಿತ್ರವೂ 'ಪಾಯ್ಸನ್' ಎಂಬ ಮಾತೂ ಇರುತ್ತವೆ. ಹಳದಿ ಅಂದರೆ ಘೋರ ವಿಷ, ಇದಕ್ಕೂ 'ಪಾಯ್ಸನ್' ಎಂದೇ ಬರೆದಿರುತ್ತದೆ. ನೀಲಿ ಮಧ್ಯಮ ವಿಷ, ಅದರ ಮಾತು 'ಡೇಂಜರ್'. ಹಸಿರು ಕಡಿಮೆ ವಿಷ, ಅದರ ಮಾತು 'ಕಾಷನ್', ಅಂದರೆ ಎಚ್ಚರಿಕೆ. ಹಸಿರು ಕಂಡರೆ ಹೆದರಬೇಕಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಇದು ರಸ್ತೆಯ ಸಿಗ್ನಲ್ ಅಲ್ಲ. ಹಸಿರು ಬಾಟಲಿಯಲ್ಲಿ ಇರುವುದೂ ವಿಷವೇ.

ಯಾವುದಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸಲು 'ಎಲ್‌ಡಿ 50' ಎಂಬ ಅಳತೆ ಬಳಸುತ್ತಾರೆ. 1927ರಲ್ಲಿ ಬ್ರಿಟನ್ನಿನ ವಿಜ್ಞಾನಿ ಟ್ರೆವನ್ ಇದನ್ನು ರೂಪಿಸಿದರು. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಮೈತೂಕದ ಒಂದು ಕೆಜಿಗೆ ಎಷ್ಟು ಮಿಲಿಗ್ರಾಂ ವಿಷ ಬೇಕು ಅನ್ನುವುದೇ ಈ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ವಿಷ ಜೋರು. ಬಾಯಿಂದ ಹೋದಾಗಿನ ಲೆಕ್ಕದಲ್ಲಿ 1ರಿಂದ 50 ಇದ್ದರೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಅದಕ್ಕಿಂತ ಹೆಚ್ಚಾದರೆ ಹಸಿರು. ಚರ್ಮದ ಮೂಲಕ ಹೋಗುವ ವಿಷಕ್ಕೆ ಬೇರೆ ಲೆಕ್ಕವಿದೆ.

ಅಂದರೆ ತ್ರಿಕೋನ ಹೇಳುವುದು ಒಮ್ಮೆಗೇ ಮೈಗೆ ಹೋದರೆ ಏನಾದೀತು ಅನ್ನುವುದನ್ನು. ದಿನಾ ಸ್ವಲ್ಪಸ್ವಲ್ಪ ಹೋದರೆ ಹತ್ತು ವರ್ಷದ ಮೇಲೆ ಏನಾದೀತು ಅನ್ನುವುದನ್ನು ಅದು ಹೇಳುವುದಿಲ್ಲ. ಕಾಸರಗೋಡಿನ ಗೇರು ತೋಟಗಳಿಗೆ, ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ನಿಮಗೆ ಗೊತ್ತಿದೆ. ಅಲ್ಲಿನ ಜನರ ದೂರು ಒಂದು ದಿನದ ವಿಷದ್ದಲ್ಲ, ವರ್ಷಗಳ ವಿಷದ್ದು. ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆಗೂ ಮಾರಾಟಕ್ಕೂ ತಡೆ ಹಾಕಿತು.

ದಿನದಿನದ ವಿಷಕ್ಕೂ ಒಂದು ಲೆಕ್ಕವಿದೆ. ಅದು ಹುಟ್ಟಿದ್ದು ಹೊಲದಲ್ಲಲ್ಲ, ಕಾರ್ಖಾನೆಯಲ್ಲಿ. 1946ರಲ್ಲಿ ಅಮೆರಿಕದ ಕಾರ್ಮಿಕ ಆರೋಗ್ಯ ತಜ್ಞರ ಸಂಘವೊಂದು, ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟರವರೆಗೆ ಇರಬಹುದು ಎಂದು ಪಟ್ಟಿ ಮಾಡಿತು. ಸಾಮಾನ್ಯವಾಗಿ ಅದು ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಹಾಕಿದ ಸರಾಸರಿ ಲೆಕ್ಕ. ಸ್ವಲ್ಪ ಹೊತ್ತಿಗೆ, ಅಂದರೆ ಹದಿನೈದು ನಿಮಿಷಕ್ಕೆ, ಇನ್ನೊಂದು ಮಿತಿ ಇರುತ್ತದೆ. ಇದನ್ನು ಪಿಪಿಎಂನಲ್ಲಿ ಹೇಳುತ್ತಾರೆ. ಒಂದು ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಒಂದು ಎಂ.ಎಲ್. ಹಾಕಿದಷ್ಟು.

ನಮ್ಮ ದೇಶದಲ್ಲಿ ಕಾರ್ಖಾನೆ ಕಾಯ್ದೆ ಬಂದದ್ದು 1948ರಲ್ಲಿ. ಆದರೆ ಈ ಸಂಖ್ಯೆಗಳ ಪಟ್ಟಿ ಅದರೊಳಗೆ ಸೇರಿದ್ದು 1987ರಲ್ಲಿ. ನಡುವೆ ಭೋಪಾಲ್ ಆಗಿತ್ತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ, ಮಲಗಿದ್ದ ಊರಿನ ಮೇಲೆ ಹಬ್ಬಿತು. ಸಾವಿರಾರು ಜನ ಸತ್ತರು. ಅಲ್ಲಿ ತಯಾರಾಗುತ್ತಿದ್ದದ್ದು ಕೂಡ ಕೀಟನಾಶಕವೇ. ಆಮೇಲೆ ಬಂದ ಪಟ್ಟಿಯಲ್ಲಿ ಆ ಅನಿಲಕ್ಕೆ ಇಟ್ಟ ಮಿತಿ 0.02 ಪಿಪಿಎಂ. ಅಂಥ ಐವತ್ತು ಟ್ಯಾಂಕ್ ನೀರಿಗೆ ಒಂದೇ ಒಂದು ಎಂ.ಎಲ್. ಹಾಕಿದ ಹಾಗೆ. ಅಮೋನಿಯಾಕ್ಕೆ ಇಟ್ಟದ್ದು 25 ಪಿಪಿಎಂ. ಕೆಲವು ಹೆಸರುಗಳ ಮುಂದೆ 'ಚರ್ಮ' ಎಂಬ ಗುರುತೂ ಇತ್ತು. ಗಾಳಿಯ ಲೆಕ್ಕ ಸರಿಯಿದ್ದರೂ ಈ ರಾಸಾಯನಿಕ ಚರ್ಮದಿಂದ ಒಳಗೆ ಹೋಗುತ್ತದೆ, ಹುಷಾರು, ಎಂದು ಅದರ ಅರ್ಥ. ಕೇರಳದಲ್ಲಿ ಜನರನ್ನು ಕೊಂದ ಪ್ಯಾರಾಥಿಯಾನ್ ಅಂಥದ್ದೇ ಒಂದು.

ಹೀಗೆ ಬಾಟಲಿಗೆ ಒಂದು ಲೆಕ್ಕ ಬಂತು, ಕಾರ್ಖಾನೆಗೆ ಒಂದು ಲೆಕ್ಕ ಬಂತು. ಬೆನ್ನಿಗೆ ಪಂಪ್ ಕಟ್ಟಿಕೊಂಡು, ಬರಿಗಾಲಲ್ಲಿ, ಗಾಳಿಗೆ ಎದುರಾಗಿ ಹತ್ತಿಗೋ ತೊಗರಿಗೋ ಹೊಡೆಯುವ ಕೂಲಿಯಾಳು ಇವೆರಡರ ನಡುವೆ ನಿಂತಿದ್ದಾನೆ. ಅವನ ಹೊಲ ಕಾರ್ಖಾನೆಯಲ್ಲ. ಅಲ್ಲಿ ಗಾಳಿ ಅಳೆಯುವ ಯಂತ್ರವಿಲ್ಲ, ನೋಡಲು ಬರುವ ಇನ್‌ಸ್ಪೆಕ್ಟರ್ ಇಲ್ಲ. ಪಂಪ್ ಸೋರಿ ಬೆನ್ನು ಒದ್ದೆಯಾದರೆ ಎಷ್ಟು ವಿಷ ಮೈಗೆ ಇಳಿಯಿತು ಎಂದು ಯಾರೂ ಬರೆದಿಡುವುದಿಲ್ಲ. ಅವನ ಕೈಗೆ ಸಿಗುವ ಎಚ್ಚರಿಕೆ ಆ ತ್ರಿಕೋನ ಮತ್ತು ಬಾಟಲಿಯ ಜೊತೆಗಿನ ಚೀಟಿ, ಅಷ್ಟೆ.

ಆ ಚೀಟಿ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕು ಎಂದು ನಿಯಮವೇ ಹೇಳುತ್ತದೆ. ಅಂಗಡಿಯಲ್ಲಿ ಬಾಟಲಿ ತಗೊಳ್ಳುವಾಗ ಕನ್ನಡದ ಚೀಟಿ ಕೇಳಿ ಪಡೆಯಿರಿ. ನೀವು ಓದಿ, ಹೊಡೆಯುವ ಆಳಿಗೂ ಓದಿ ಹೇಳಿ. ಯಾರಿಗಾದರೂ ತಲೆಸುತ್ತು, ವಾಂತಿ, ಕಣ್ಣು ಮಂಜು, ವಿಪರೀತ ಬೆವರು ಬಂದರೆ ಕೂಡಲೇ ಕೆಲಸ ನಿಲ್ಲಿಸಿ. ಒದ್ದೆ ಬಟ್ಟೆ ತೆಗೆಸಿ, ಮೈಯನ್ನು ಸೋಪು ಹಚ್ಚಿ ತೊಳೆಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಯಾವ ವಿಷ, ಅದಕ್ಕೆ ಯಾವ ಮದ್ದು ಅನ್ನುವುದು ಅದರ ಮೇಲೇ ಬರೆದಿರುತ್ತದೆ.