ಮರ ಸರ್ಕಾರದ್ದು, ಲಾರಿ ಯಾರದ್ದು?

ರಾತ್ರಿ ಹೊತ್ತು ಅರಣ್ಯ ತನಿಖಾ ಠಾಣೆಯಲ್ಲಿ ಒಂದು ಲಾರಿಯನ್ನು ತಡೆಯುತ್ತಾರೆ ಎಂದಿಟ್ಟುಕೊಳ್ಳೋಣ. ಮೇಲೆ ತೆಂಗಿನಕಾಯಿ ಮೂಟೆ, ಅಡಿಯಲ್ಲಿ ರಹದಾರಿ ಇಲ್ಲದ ದಿಮ್ಮಿಗಳು. ಮರ ಜಪ್ತಿಯಾಗುತ್ತದೆ, ಚಾಲಕ ಸೆರೆಯಾಗುತ್ತಾನೆ. ಮರುದಿನ ಮಾಲೀಕ ಓಡಿಬಂದು, ‘ನನಗೇನೂ ಗೊತ್ತಿಲ್ಲ, ಸಾಲದ ಕಂತು ಕಟ್ಟಬೇಕು, ಗಾಡಿ ಬಿಟ್ಟುಕೊಡಿ’ ಎಂದು ಗೋಗರೆಯುತ್ತಾನೆ. ಕಾನೂನು ಯಾರ ಕಡೆ?

1927ರ ಭಾರತೀಯ ಅರಣ್ಯ ಕಾಯ್ದೆ ರೂಪುಗೊಂಡಾಗ ಮರ ಸಾಗುತ್ತಿದ್ದುದು ಎತ್ತಿನ ಗಾಡಿ ಮತ್ತು ದೋಣಿಗಳಲ್ಲಿ. ಹಾಗಾಗಿ ಅರಣ್ಯಾಪರಾಧಕ್ಕೆ ಬಳಸಿದ ಹತಾರ, ದೋಣಿ, ಗಾಡಿ, ಜಾನುವಾರುಗಳನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ಅದು ಹೇಳಿತು. ಆದರೆ ಅದಕ್ಕೆ ಮೊದಲು ಆರೋಪಿ ತಪ್ಪಿತಸ್ಥನೆಂದು ತೀರ್ಮಾನವಾಗಬೇಕಿತ್ತು. ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ವಾಹನ ಜಾಮೀನಿನ ಮೇಲೆ ಹೊರಬಂದು ಮತ್ತೆ ಕಾಡಿನ ದಾರಿ ಹಿಡಿಯುವ ಅವಕಾಶವಿತ್ತು.

ಇತ್ತ ನಿರ್ಬಂಧಗಳು ಬಿಗಿಯಾಗುತ್ತ ಹೋದವು. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದಲೇ ಶ್ರೀಗಂಧ ರಾಜವೃಕ್ಷ. ಮುಂದೆ ಶ್ರೀಗಂಧ, ರಕ್ತಚಂದನಗಳ ದಿಮ್ಮಿಗಳನ್ನು ಹೊರದೇಶಕ್ಕೆ ಕಳಿಸುವುದಕ್ಕೆ ಕೇಂದ್ರದ ರಫ್ತು ನೀತಿ ಅಡ್ಡ ಬಂತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಗೋದಾವರ್ಮನ್ ಪ್ರಕರಣದಲ್ಲಿ, ಈಶಾನ್ಯದ ಏಳು ರಾಜ್ಯಗಳಿಂದ ರಸ್ತೆ, ರೈಲು, ಜಲಮಾರ್ಗ ಯಾವುದರಲ್ಲೂ ಮರ ಹೊರಹೋಗಕೂಡದೆಂದು ಆದೇಶಿಸಿತು. ನಿಷೇಧ ಬಿಗಿಯಾದಷ್ಟೂ ಕದ್ದ ಮರದ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಲಾರಿಯ ಮಹತ್ವ ಹೆಚ್ಚುತ್ತದೆ. ಸಾಗಿಸುವ ವಾಹನವಿಲ್ಲದೆ ಕಳ್ಳಸಾಗಣೆಯೇ ಇಲ್ಲವಲ್ಲ!

ಆದ್ದರಿಂದ ಹಲವು ರಾಜ್ಯಗಳು ಕಾನೂನಿಗೆ ಹೊಸ ಹಲ್ಲು ಕೊಟ್ಟವು. 1963ರ ಕರ್ನಾಟಕ ಅರಣ್ಯ ಕಾಯ್ದೆಗೆ ಸೇರಿದ 71-ಎ ಕಲಮಿನ ಪ್ರಕಾರ, ಮುಟ್ಟುಗೋಲಿನ ಆದೇಶ ಹೊರಡಿಸುವವನು ನ್ಯಾಯಾಧೀಶನಲ್ಲ, ಅಧಿಕೃತ ಅರಣ್ಯಾಧಿಕಾರಿ. ಮಾಲೀಕನಿಗೆ ಮೊದಲು ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು. ಲಾರಿ ಉಳಿಸಿಕೊಳ್ಳಲು ಮಾಲೀಕ ತನಗೆ ತಿಳಿದಿರಲಿಲ್ಲ ಎಂದರೆ ಸಾಲದು. ತನ್ನ ಏಜೆಂಟನಿಗೂ ವಾಹನದ ಹೊಣೆ ಹೊತ್ತವನಿಗೂ ತಿಳಿದಿರಲಿಲ್ಲ, ಎಲ್ಲರೂ ತಕ್ಕ ಎಚ್ಚರ ವಹಿಸಿದ್ದರು ಎಂದು ಸಾಬೀತುಪಡಿಸಬೇಕು. ವ್ಯಾಜ್ಯದ ಬೇರು ಇರುವುದು ಇಲ್ಲೇ.

ಕ್ರಿಮಿನಲ್ ಮೊಕದ್ದಮೆ ಮುಗಿಯುವವರೆಗೆ ಮುಟ್ಟುಗೋಲು ಕಾಯಬೇಕೇ? ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ‘ಬೇಕಿಲ್ಲ’ ಎಂದಿತು. ಎರಡೂ ಬೇರೆ ಬೇರೆ ಹಾದಿಗಳು: ಒಂದು ಅಪರಾಧಿಯನ್ನು ಶಿಕ್ಷಿಸಲು, ಇನ್ನೊಂದು ಅರಣ್ಯ ಸಂಪತ್ತನ್ನು ಕಾಪಾಡಲು. 2000ದಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಅದು ಇನ್ನೂ ಖಡಾಖಂಡಿತವಾಗಿ, ಇಂಥ ವಾಹನಗಳನ್ನು ಸಾಮಾನ್ಯವಾಗಿ ಬಿಡಕೂಡದು, ಬಿಟ್ಟರೂ ಬ್ಯಾಂಕ್ ಖಾತರಿ ಕನಿಷ್ಠ ಷರತ್ತಾಗಿರಬೇಕು ಎಂದಿತು.

ಇನ್ನೊಂದು ಮಗ್ಗುಲೂ ಇದೆ. ಪೊಲೀಸರು ಜಪ್ತಿ ಮಾಡಿದ ಸ್ವತ್ತುಗಳ ಬಗ್ಗೆ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2002ರಲ್ಲಿ, ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ, ತಕ್ಕ ಭದ್ರತೆ ಪಡೆದು ಬಿಡಿ ಎಂದಿತ್ತು. ಮಳೆಬಿಸಿಲಿಗೆ ತುಕ್ಕು ಹಿಡಿದ ಲಾರಿಯಿಂದ ಸರ್ಕಾರಕ್ಕೂ ಲಾಭವಿಲ್ಲ, ಮಾಲೀಕನಿಗೂ ಇಲ್ಲ. ಆದರೆ ಅರಣ್ಯಾಪರಾಧಕ್ಕೆ ವಿಶೇಷ ಕಾನೂನಿದ್ದಲ್ಲಿ ಆ ಉದಾರತೆ ಸುಲಭವಾಗಿ ಅನ್ವಯಿಸದು.

ಅರಣ್ಯಾಧಿಕಾರಿಯ ಮಾತೇ ಕೊನೆಯಲ್ಲ. ಮಾಲೀಕ ಸೆಷನ್ಸ್ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಬಹುದು. ಆ ಬಾಗಿಲು ತೆರೆದಿರುವುದು ಅಗತ್ಯ. ಹಿಡಿದ ಇಲಾಖೆಯೇ ತೀರ್ಪನ್ನೂ ಕೊಡುವಾಗ ಅದನ್ನು ಮರಳಿ ತೂಗುವ ಕೈ ಒಂದಿರಬೇಕು. ಕಡಿದ ಗಂಧದ ಮರ ಮತ್ತೆ ಚಿಗುರಿ ಬಲಿಯಲು ದಶಕಗಳೇ ಬೇಕು. ಏಕೈಕ ಲಾರಿ ಕಳೆದುಕೊಂಡ ಸಂಸಾರ ಚೇತರಿಸಿಕೊಳ್ಳಲೂ ಬಹುಕಾಲ ಬೇಕು. ಮುಟ್ಟುಗೋಲಿನ ಪ್ರತಿ ಆದೇಶವೂ ತೂಗಬೇಕಾದದ್ದು ಈ ಎರಡು ನಷ್ಟಗಳನ್ನು.